ನೀರು ಎಲ್ಲಿಗೆ ಬಂತು, ಸೌಂಡ್ ಎಲ್ಲಿಗೆ ಬಂತು

ರಾಯಚೂರಿನ ಒಂದು ಕಾಲೇಜಿನಲ್ಲಿ, ಲಿನಕ್ಸ್ ಬಳಸುವ ಮತ್ತು ಬಳಸಬೇಕೆಂದುಕೊಂಡಿರುವ ಹುಡುಗ ಹುಡುಗಿಯರ ಮುಂದೆ, ಕಂಪ್ಯೂಟರಿನಲ್ಲಿ ಸೌಂಡ್ ಬರದಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದರ ಬಗ್ಗೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಕೂಡಿಸಿದ್ದೇನೆ, ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕಮಾಂಡುಗಳನ್ನು ಬಾಯಲ್ಲಿ ಹೇಳಿದ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷಿನ ಚಿಕ್ಕ ಅಕ್ಷರಗಳು ಅನ್ನುವುದು ನೆನಪಿರಲಿ.

ಮೊದಲು ಒಂದು ಹತ್ತಿ ಮಿಲ್ಲಿನ ಕಥೆ ಹೇಳುತ್ತೇನೆ.

ಸೀಜನ್ ಶುರುವಾದರೆ ಎಪಿಎಂಸಿ ಕಡೆ ಹೋಗುವ ರಸ್ತೆಯ ಜಾಲಿಗಿಡಗಳ ಮೇಲೂ ಹತ್ತಿ ಎಳೆ ಜೋತಾಡುತ್ತಿರುತ್ತದೆ, ನೋಡಿದ್ದೀರಲ್ವಾ. ಅಂಥ ಸೀಜನ್ನಿನಲ್ಲಿ ಒಂದು ಜಿನ್ನಿಂಗ್ ಮಿಲ್ಲಿನ ಗುಮಾಸ್ತರು ಫೋನ್ ಮಾಡಿದರು. "ಸರ, ಕಂಪ್ಯೂಟರ್‌ದಾಗ ಸೌಂಡ್ ಬರವಲ್ದು. ನೀವು ಹಾಕಿಕೊಟ್ಟ ಲಿನಕ್ಸ್ ಕೆಟ್ಟೈತಂತ." ಯಾರು ಹಾಗಂದದ್ದು ಅಂತ ಕೇಳಿದೆ. ಒಂದು ರಿಪೇರಿ ಅಂಗಡಿಯವರು ಬೋರ್ಡೇ ಹೋಗಿದೆ, ಬದಲಿಸಬೇಕು ಅಂದಿದ್ದರಂತೆ. ಇನ್ನೊಬ್ಬರು ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿಸಿ ಅಂದಿದ್ದರಂತೆ. ಸಾಹುಕಾರರಿಗೆ ಸೌಂಡ್ ಬೇಕಾಗಿದ್ದು ಹಾಡು ಕೇಳಲಿಕ್ಕಲ್ಲ. ದಲಾಲರು ಹತ್ತಿಯ ರೇಟನ್ನು ವಾಟ್ಸಾಪ್‌ನಲ್ಲಿ ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾರೆ. ಬರೆದರೆ ಸಾಕ್ಷಿಯಾಗುತ್ತೆ ಅನ್ನುವ ಭಯವಿರಬೇಕು. ಮಾತಾಡಿದ್ದೂ ಸಾಕ್ಷಿಯೇ, ಅದು ಬೇರೆ ವಿಷಯ.

ಹೋಗಿ ನೋಡಿದೆ. ಹಳೆಯ ಡೆಸ್ಕ್‌ಟಾಪ್, ಲಿನಕ್ಸ್ ಮಿಂಟ್, ಹಿಂದಿನ ಹಸಿರು ತೂತಿಗೆ ಸಿಕ್ಕಿಸಿದ ಎರಡು ಪುಟ್ಟ ಸ್ಪೀಕರು. ವಾಲ್ಯೂಮ್ ಪೂರ್ತಿ ಇತ್ತು. ಸ್ಪೀಕರನ್ನು ನನ್ನ ಫೋನಿಗೆ ಹಚ್ಚಿದರೆ ಚೆನ್ನಾಗಿಯೇ ಹಾಡಿತು. ಸೌಂಡ್ ಸೆಟ್ಟಿಂಗ್ ತೆರೆದು, ಹೊರಗೆ ಹೋಗುವ ದಾರಿ ಯಾವುದಿದೆ ನೋಡಿದೆ. "ಹೆಡ್‌ಫೋನ್ಸ್, ಪ್ಲಗ್ಡ್ ಇನ್" ಅಂತ ಇತ್ತು. ಹೆಡ್‌ಫೋನ್ ಹಾಕಿದೆ ಅಂತ ಕಂಪ್ಯೂಟರ್ ಹೇಳುತ್ತಿದೆ, ಮುಂದಿನ ತೂತು ನೋಡಿದರೆ ಖಾಲಿ. ಫೋನಿನ ಟಾರ್ಚ್ ಬಿಟ್ಟು ಬಗ್ಗಿ ನೋಡಿದೆ. ಒಳಗೆಲ್ಲ ಬೆಳ್ಳಗೆ ಹತ್ತಿ.

ಗುಮಾಸ್ತರು ದಿನಾ ಅಲ್ಲಿ ಇಯರ್‌ಫೋನ್ ಹಾಕಿ ತೆಗೆಯುತ್ತಿದ್ದರು. ಹಾಕಿದಾಗೆಲ್ಲ ಬಾಯಲ್ಲಿ ಕೂತ ಹತ್ತಿ ಇನ್ನಷ್ಟು ಒಳಕ್ಕೆ ತುರುಕಿಕೊಂಡಿದೆ. ಆ ತೂತಿನ ಒಳಗೆ ಒಂದು ತೆಳ್ಳನೆಯ ತಗಡಿನ ಪಟ್ಟಿ ಇರುತ್ತದೆ. ಪಿನ್ನು ಒಳಗೆ ಹೋದಾಗ ಪಟ್ಟಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಅಷ್ಟರಿಂದಲೇ ಚಿಪ್ಪಿಗೆ ಇಯರ್‌ಫೋನ್ ಬಂತು ಅಂತ ಗೊತ್ತಾಗುವುದು. ಇಲ್ಲಿ ಪಿನ್ನಿನ ಕೆಲಸವನ್ನು ಹತ್ತಿ ಮಾಡುತ್ತಿತ್ತು. ಕಂಪ್ಯೂಟರ್ ಮರ್ಯಾದೆಯಿಂದ ಸ್ಪೀಕರ್ ಬಂದ್ ಮಾಡಿ, ಇಲ್ಲದ ಇಯರ್‌ಫೋನಿಗೆ ದಲಾಲರ ದನಿ ಕಳಿಸುತ್ತಿತ್ತು.

ಕರೆಂಟ್ ವೈರ್ ಕಿತ್ತು, ಹಲ್ಲುಕಡ್ಡಿಯಿಂದ ಮೆಲ್ಲಗೆ ಎಳೆದೆವು. ಕಬ್ಬಿಣದ ಪಿನ್ನು ಹಾಕಬೇಡಿ, ಆ ಪಟ್ಟಿ ಮುರಿದರೆ ಮುಗಿಯಿತು. ದೇವರ ದೀಪಕ್ಕೆ ಒಂದು ಬತ್ತಿ ಹೊಸೆಯುವಷ್ಟು ಹತ್ತಿ ಹೊರಗೆ ಬಂತು. ಮತ್ತೆ ಚಾಲೂ ಮಾಡಿದರೆ ಸೌಂಡ್ ಬಂತು.

ಈ ಕಥೆ ಯಾಕೆ ಹೇಳಿದೆ ಅಂದರೆ, ಅಲ್ಲಿಗೆ ಬಂದವರೆಲ್ಲ "ಏನು ಕೆಟ್ಟಿದೆ?" ಅಂತ ಕೇಳಿದ್ದರು. ನಮ್ಮ ಕಡೆಯ ರೈತರು ಹಾಗೆ ಕೇಳುವುದಿಲ್ಲ. ಮಾನ್ವಿ, ಸಿರವಾರದ ಕಡೆಯವರು ಇಲ್ಲಿ ಜಾಸ್ತಿ ಇದ್ದೀರಿ. ಮುನಿರಾಬಾದಿನಿಂದ ಹೊರಟ ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ, ಅದರಲ್ಲಿ ನೀರು ಹರಿದು ನಿಮ್ಮ ಕಡೆ ಬರಬೇಕು. ಹೊಲಕ್ಕೆ ನೀರು ಬರಲಿಲ್ಲ ಅಂದರೆ ನಿಮ್ಮಪ್ಪ ಡ್ಯಾಮೇ ಒಡೆದಿದೆ ಅಂತ ಕೂಗುವುದಿಲ್ಲ. ಬೈಕ್ ಹತ್ತಿ ಕಾಲುವೆ ದಂಡೆ ಹಿಡಿದು ಮೇಲಕ್ಕೆ ಹೋಗುತ್ತಾರೆ. ನೀರು ಎಲ್ಲಿಗೆ ಬಂತು, ಮೈಲು 104ರಲ್ಲಿ ಗೇಜ್ ಎಷ್ಟಿದೆ, ಯಾವ ತೂಬು ಮುಚ್ಚಿದೆ, ಯಾರ ಹೊಲಕ್ಕೆ ತಿರುಗಿದೆ, ಇದನ್ನೇ ನೋಡುತ್ತಾರೆ. ಡ್ಯಾಮಿಗೇ ಪೆಟ್ಟು ಬೀಳುವುದು ಇಲ್ಲವೇ ಇಲ್ಲ ಅಂತಲ್ಲ. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆದರೆ ಆ ಡ್ಯಾಮ್ ಮುಗಿದದ್ದು 1953ರಲ್ಲಿ. ಅಷ್ಟು ವರ್ಷ ನೀರು ಬಾರದ ದಿನ ಎಷ್ಟೋ ಸಲ ತೂಬಿನ ಜಗಳವೇ.

ಸೌಂಡಿಗೂ ಇದೇ ಲೆಕ್ಕ. ಅದು ಎಲ್ಲಿಂದ ಹೊರಟು ಎಲ್ಲೆಲ್ಲಿ ಹಾದು ಬರುತ್ತೆ ಅಂತ ಗೊತ್ತಿದ್ದರೆ, ಎಲ್ಲಿ ನಿಂತಿದೆ ಅಂತ ಹುಡುಕಬಹುದು. ಗೊತ್ತಿಲ್ಲದಿದ್ದರೆ ಫಾರ್ಮ್ಯಾಟ್ ಹೊಡೆಯುವುದೊಂದೇ ದಾರಿ.

ಲಿನಕ್ಸಿನಲ್ಲಿ ಮೇಲಿಂದ ಕೆಳಗೆ ಹೀಗೆ. ಮೊದಲು ನಿಮ್ಮ ಬ್ರೌಸರೋ ವಿಡಿಯೋ ಪ್ಲೇಯರೋ. ಅದು ಸೌಂಡನ್ನು ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೋ ಅನ್ನುವ ನಡುವಿನವನ ಕೈಗೆ ಕೊಡುತ್ತದೆ. ನಡುವಿನವನು ಆಲ್ಸಾ ಕೈಗೆ ಕೊಡುತ್ತಾನೆ. ಆಲ್ಸಾ ಅಂದರೆ ಲಿನಕ್ಸಿನ ಒಳಗೇ ಕೂತ ಡ್ರೈವರುಗಳ, ಅಂದರೆ ಚಿಪ್ಪುಗಳನ್ನು ನಡೆಸುವ ಪ್ರೋಗ್ರಾಮುಗಳ, ಪದರ. ಅಲ್ಲಿಂದ ಬೋರ್ಡಿನ ಮೇಲಿನ ಸೌಂಡ್ ಚಿಪ್ಪು, ಆಮೇಲೆ ಸ್ಪೀಕರು.

ನಡುವೆ ಇಷ್ಟು ಜನ ಯಾಕೆ ಬೇಕು ಅಂತ ಅನ್ನಿಸಬಹುದು. ಇದರ ಹಿಂದೆ ಮೂವತ್ತು ವರ್ಷದ ಸಂಸಾರ ಇದೆ. 1992ರಲ್ಲಿ ಹನ್ನು ಸವೊಲೈನೆನ್ ಎಂಬ ಫಿನ್ಲೆಂಡಿನವರು ಓಎಸ್‌ಎಸ್ ಅನ್ನುವ ವ್ಯವಸ್ಥೆ ತಂದರು. 1998ರಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಆಲ್ಸಾ ಶುರು ಮಾಡಿದರು. 2003ರ ಕೊನೆಗೆ ಬಂದ, ಲಿನಕ್ಸಿನ ತಿರುಳಾದ 2.6 ಕರ್ನೆಲ್‌ನಲ್ಲಿ ಅದೇ ಮುಖ್ಯವಾಯಿತು. ಆಗಿನ ಕಾಲದಲ್ಲಿ ಕಂಪ್ಯೂಟರ್ ಬಳಸಿದ ನನ್ನಂಥವರಿಗೆ ಗೊತ್ತು, ಒಂದು ಹಾಡು ಹಾಕಿದ್ದರೆ ಇನ್ನೊಂದು ಪ್ರೋಗ್ರಾಮಿನ ದನಿ ಎಷ್ಟೋ ಸಲ ಬರುತ್ತಲೇ ಇರಲಿಲ್ಲ. ಮೊದಲು ಬಂದವನು ಕಾರ್ಡನ್ನು ಹಿಡಿದು ಕೂತುಬಿಡುತ್ತಿದ್ದ. ಎಲ್ಲರ ದನಿಯನ್ನೂ ಕಲೆಸಿ ಕೆಳಗೆ ಕಳಿಸುವ ಒಬ್ಬ ಬೇಕಾಗಿತ್ತು. 2004ರಲ್ಲಿ ಲೆನಾರ್ಟ್ ಪೊಟರಿಂಗ್ ಆ ಕೆಲಸಕ್ಕೆ ಕೈಹಾಕಿದರು, ಅದು ಪಲ್ಸ್‌ಆಡಿಯೋ ಆಯಿತು. ಲಿನಕ್ಸಿನ ಬೇರೆ ಬೇರೆ ಬಗೆಗಳಾದ ಫೆಡೋರಾ 2007ರಲ್ಲಿ (ಫೆಡೋರಾ 8), ಉಬುಂಟು 2008ರಲ್ಲಿ (8.04) ಅದನ್ನು ಒಳಗೆ ಬಿಟ್ಟುಕೊಂಡವು. ಶುರುವಿನ ಒಂದೆರಡು ವರ್ಷ ಎಲ್ಲರ ಕೈಲೂ ಬೈಸಿಕೊಂಡಿತು. ಲಿನಕ್ಸಿನಲ್ಲಿ ಸೌಂಡ್ ಬರುವುದಿಲ್ಲ ಅನ್ನುವ ಕೆಟ್ಟ ಹೆಸರು ಇನ್ನೂ ಓಡಾಡುತ್ತಿದೆಯಲ್ಲ, ಅದರಲ್ಲಿ ದೊಡ್ಡ ಪಾಲು ಆ ಕಾಲದ್ದು.

ಈಗಿನದು ಪೈಪ್‌ವೈರ್. ವಿಮ್ ಟೇಮನ್ಸ್ ಅವರ ಕೆಲಸ. ಮೊದಲು ವಿಡಿಯೋಗಾಗಿ ಹೊರಟದ್ದು, ಹೋಗುತ್ತಾ ಹೋಗುತ್ತಾ ಸೌಂಡನ್ನೂ ಹೊತ್ತುಕೊಂಡಿತು. 2021ರಲ್ಲಿ ಫೆಡೋರಾ 34, ಮರುವರ್ಷ ಉಬುಂಟು 22.10, 2024ರಲ್ಲಿ ಮಿಂಟ್ 22 ಇದಕ್ಕೆ ಬಂದವು. ಇದೊಂದು ಜಾಣತನ ಮಾಡಿತು. ಹಳೆಯ ಪ್ರೋಗ್ರಾಮುಗಳಿಗೆ ತಾನೇ ಪಲ್ಸ್‌ಆಡಿಯೋ ಅಂತ ಹೇಳಿಕೊಳ್ಳುತ್ತದೆ. ಹಾಗಾಗಿ ಹಳೆಯ ಸಾಮಾನೆಲ್ಲ ಕೆಲಸ ಮಾಡುತ್ತವೆ. ಆದರೆ ಹಳೆಯ ಮದ್ದು ಕೆಲಸ ಮಾಡುವುದಿಲ್ಲ. ಹುಡುಕಿದಾಗ ಸಿಗುವ ಸಲಹೆಗಳಲ್ಲಿ ಎಷ್ಟೋ 2009, 2010ರವು. ಪಲ್ಸ್‌ಆಡಿಯೋ ಕೊಂದು ಮತ್ತೆ ಎಬ್ಬಿಸಿ ಅಂತ ಬರೆದಿರುತ್ತಾರೆ, ನಿಮ್ಮಲ್ಲಿ ಪಲ್ಸ್‌ಆಡಿಯೋ ಇಲ್ಲವೇ ಇಲ್ಲ. ಯಾವ ಮದ್ದನ್ನೂ ನುಂಗುವ ಮುಂಚೆ ತಾರೀಖು ನೋಡಿ. ನಿಮ್ಮಲ್ಲಿ ಯಾವುದಿದೆ ಅಂತ ತಿಳಿಯಲು ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ "ಪಿಎ ಸಿಟಿಎಲ್" ಅನ್ನುವ ಐದು ಅಕ್ಷರವನ್ನು ಜಾಗ ಬಿಡದೆ ಹೊಡೆಯಿರಿ. ಒಂದು ಜಾಗ ಬಿಟ್ಟು "ಇನ್ಫೋ". ಸರ್ವರ್ ನೇಮ್ ಅನ್ನುವ ಸಾಲಿನಲ್ಲಿ ಪೈಪ್‌ವೈರ್ ಹೆಸರು ಇದ್ದರೆ ನೀವು ಹೊಸ ಕಾಲದವರು.

ಈಗ ದಂಡೆ ಹಿಡಿದು ನಡೆಯೋಣ. ನನಗೆ ಟರ್ಮಿನಲ್‌ಗಿಂತ ಮೊದಲು ಬೇಕಾಗುವುದು ಪಾವುಕಂಟ್ರೋಲ್ ಅನ್ನುವ ಸಣ್ಣ ಕಿಟಕಿ. ಇಲ್ಲದಿದ್ದರೆ ಹಾಕಿಕೊಳ್ಳಿ, ಚಿಕ್ಕದು. ಒಂದು ಹಾಡು ಹಚ್ಚಿಟ್ಟು ಇದನ್ನು ತೆರೆಯಿರಿ. ಪ್ಲೇಬ್ಯಾಕ್ ಅನ್ನುವ ಕಡೆ ನಿಮ್ಮ ಬ್ರೌಸರಿನ ಹೆಸರು, ಅದರ ಕೆಳಗೆ ಒಂದು ಪಟ್ಟಿ ಕುಣಿಯುತ್ತಿರಬೇಕು. ಅದು ನಮ್ಮ ಗೇಜು. ಹೆಸರೇ ಇಲ್ಲವೆಂದರೆ ಸೌಂಡ್ ಬ್ರೌಸರ್ ಬಿಟ್ಟು ಹೊರಟೇ ಇಲ್ಲ. ಆ ಟ್ಯಾಬನ್ನು ಯಾರೋ ಮ್ಯೂಟ್ ಮಾಡಿರಬಹುದು, ಪುಟದ ಪ್ಲೇಯರಿನ ಬಾಯೇ ಮುಚ್ಚಿರಬಹುದು. ಪಟ್ಟಿ ಕುಣಿಯುತ್ತಿದ್ದರೆ ನಡುವಿನವನವರೆಗೆ ಬಂದಾಯಿತು. ಆಮೇಲೆ ಔಟ್‌ಪುಟ್ ಡಿವೈಸಸ್ ಕಡೆ ಹೋಗಿ. ಅಲ್ಲಿ ಯಾವ ಸಾಧನದ ಪಟ್ಟಿ ಕುಣಿಯುತ್ತಿದೆ? ಬಹಳ ಸಲ ಕಥೆ ಇಲ್ಲೇ ಮುಗಿಯುತ್ತದೆ, ಯಾಕಂದರೆ ಕುಣಿಯುತ್ತಿರುವುದು ನಿಮ್ಮ ಸ್ಪೀಕರ್ ಅಲ್ಲ, ಎಚ್‌ಡಿಎಂಐ.

ಎಚ್‌ಡಿಎಂಐ ವೈರಿನಲ್ಲಿ ಚಿತ್ರದ ಜೊತೆ ಸೌಂಡೂ ಹೋಗುತ್ತದೆ. ಮಾನ್ವಿ ಕಡೆಯ ಒಂದು ಶಾಲೆಯ ಸ್ಮಾರ್ಟ್ ಕ್ಲಾಸಿನಲ್ಲಿ ಹೀಗೇ ಆಯಿತು. ಪ್ರೊಜೆಕ್ಟರ್ ಹಚ್ಚಿದ ಕೂಡಲೇ ಲ್ಯಾಪ್‌ಟಾಪಿನ ದನಿ ನಿಂತುಹೋಗುತ್ತಿತ್ತು. ಟೀಚರು ಒಂದು ವರ್ಷ ಮೂಕಿ ಸಿನಿಮಾ ತೋರಿಸಿದ ಹಾಗೆ ಪಾಠ ಮಾಡಿದ್ದಾರೆ, ತಾವೇ ಬಾಯಲ್ಲಿ ಹೇಳಿಕೊಂಡು. ಆ ಪ್ರೊಜೆಕ್ಟರ್ ತನಗೆ ಸೌಂಡ್ ಬೇಕು ಅಂತ ಲ್ಯಾಪ್‌ಟಾಪಿಗೆ ಹೇಳುತ್ತಿತ್ತು, ಆದರೆ ಅದರ ಹೊಟ್ಟೆಯೊಳಗೆ ಸ್ಪೀಕರೇ ಇರಲಿಲ್ಲ. ನೀರು ಬಂಡೆ ಹೊಲಕ್ಕೆ ಹರಿದುಹೋಗುತ್ತಿತ್ತು. ಕಾನ್ಫಿಗರೇಷನ್ ಅನ್ನುವ ಕಡೆ ಹೋಗಿ, ಎಚ್‌ಡಿಎಂಐ ಪ್ರೊಫೈಲ್ ಬಿಟ್ಟು ಅನಲಾಗ್ ಸ್ಟಿರಿಯೋ ಆರಿಸಿದೆ. ಎರಡು ಕ್ಲಿಕ್. "ಇಷ್ಟೇನಾ ಸರ್?" ಅಂದರು ಆ ಟೀಚರು. ನನಗೂ ಏನು ಹೇಳಬೇಕೋ ತೋಚಲಿಲ್ಲ. ಅದೇ ಜಾಗದಲ್ಲಿ ಪ್ರೊಫೈಲ್ "ಆಫ್" ಅಂತ ಕೂತಿರುವುದನ್ನೂ ನೋಡಿದ್ದೇನೆ, ಅದನ್ನೂ ಒಮ್ಮೆ ಕಣ್ಣಾಡಿಸಿ.

ಸರಿಯಾದ ಸಾಧನದ ಪಟ್ಟಿಯೇ ಕುಣಿಯುತ್ತಿದೆ, ಕಿವಿಗೆ ಮಾತ್ರ ಏನೂ ಇಲ್ಲ. ಅಂದರೆ ತೂಬು ಇನ್ನೂ ಕೆಳಗೆ, ಆಲ್ಸಾದಲ್ಲಿ ಮುಚ್ಚಿದೆ. ಇಲ್ಲಿಗೆ ಬೇಕಾದದ್ದು ಆಲ್ಸಾಮಿಕ್ಸರ್. ಟರ್ಮಿನಲ್‌ನಲ್ಲಿ ಒಂದೇ ಪದವಾಗಿ ಹೊಡೆದರೆ ಕಪ್ಪು ಪರದೆಯ ಮೇಲೆ ಕಂಬಗಳು ಏಳುತ್ತವೆ. ಮೊದಲ ಸಲ ನೋಡಿದವರು ಒಂದೇ ಕಂಬ ಕಂಡು "ಮಾಸ್ಟರ್ ಪೂರ್ತಿ ಇದೆಯಲ್ಲ" ಅಂತ ಮುಚ್ಚಿಬಿಡುತ್ತಾರೆ. ಅಲ್ಲಿ ಕಾಣುವುದು ನಡುವಿನವನ ಮುಖ. ಎಫ್6 ಒತ್ತಿ ನಿಮ್ಮ ನಿಜವಾದ ಕಾರ್ಡನ್ನು ಆರಿಸಿಕೊಳ್ಳಬೇಕು. ಆಗ ಮಾಸ್ಟರ್, ಹೆಡ್‌ಫೋನ್, ಸ್ಪೀಕರ್, ಪಿಸಿಎಂ ಅಂತ ಸಾಲು ಕಂಬಗಳು ಬರುತ್ತವೆ.

ಪ್ರತಿ ಕಂಬದ ಬುಡದಲ್ಲಿ ಒಂದು ಪುಟ್ಟ ಚೌಕ ನೋಡಿ. ಅದರಲ್ಲಿ ಎರಡು ಸೊನ್ನೆ ಇದ್ದರೆ ತೆರೆದಿದೆ. ಎರಡು ಎಂ ಇದ್ದರೆ ಮುಚ್ಚಿದೆ, ಮ್ಯೂಟ್. ಕಂಬ ಎಷ್ಟೇ ಎತ್ತರ ಇರಲಿ, ಬುಡದಲ್ಲಿ ಎಂಎಂ ಇದ್ದರೆ ಹನಿ ಸೌಂಡೂ ಬರುವುದಿಲ್ಲ. ಬಾಣದ ಕೀಲಿಯಿಂದ ಆ ಕಂಬಕ್ಕೆ ಹೋಗಿ ಎಂ ಒತ್ತಿದರೆ ತೆರೆಯುತ್ತದೆ. ಹೊಸಬರನ್ನು ಸೊನ್ನೆ ಗಾಬರಿ ಮಾಡುತ್ತದೆ. ಸೊನ್ನೆ ಅಂದರೆ ಸೌಂಡ್ ಇಲ್ಲ ಅಂದುಕೊಂಡು ತೆರೆದಿದ್ದನ್ನೇ ಮುಚ್ಚಿಬಿಡುತ್ತಾರೆ.

ಬಲಗಡೆಗೆ ಸರಿಯುತ್ತಾ ಹೋದರೆ ಕೆಲವು ಕಾರ್ಡುಗಳಲ್ಲಿ ಆಟೋ ಮ್ಯೂಟ್ ಮೋಡ್ ಅಂತ ಸಿಗುತ್ತದೆ. ನಮ್ಮ ಹತ್ತಿ ಮಿಲ್ಲಿನ ಆಟ ಆಡಿಸಿದ್ದು ಇದೇ. ತೂತಿನೊಳಗಿನ ಪಟ್ಟಿ ನಿಜವಾಗಿಯೂ ಮುರಿದಿದ್ದರೆ ಬಾಣದ ಕೀಲಿಯಿಂದ ಇದನ್ನು ಡಿಸೇಬಲ್ಡ್ ಮಾಡಿ, ಔಟ್‌ಪುಟ್ ಡಿವೈಸಸ್‌ನಲ್ಲಿ ಹೆಡ್‌ಫೋನ್ ಬದಲು ಸ್ಪೀಕರಿನ ದಾರಿಯನ್ನು ಕೈಯಾರೆ ಆರಿಸಿದರೆ ಬೋರ್ಡ್ ಬದಲಿಸದೆ ಕೆಲಸ ನಡೆಯುತ್ತದೆ. ಕೊನೆಗೆ ಎಸ್ಕೇಪ್ ಒತ್ತಿ ಹೊರಗೆ ಬಂದು, "ಸೂಡು ಆಲ್ಸಾಸಿಟಿಎಲ್ ಸ್ಟೋರ್" ಅಂತ ಕೊಟ್ಟರೆ ಮಾಡಿದ್ದು ನೆನಪಿನಲ್ಲಿ ಉಳಿಯುತ್ತದೆ. ಸೂಡು ಅಂದರೆ ಕಂಪ್ಯೂಟರಿನ ಯಜಮಾನನ ಅಧಿಕಾರದಲ್ಲಿ ಮಾಡು ಅಂತ.

ಬ್ರೌಸರನ್ನು ಬಿಟ್ಟು ಉಳಿದ ದಾರಿಯನ್ನು ಪರೀಕ್ಷೆ ಮಾಡಲು "ಸ್ಪೀಕರ್-ಟೆಸ್ಟ್" ಅಂತ ಒಂದಿದೆ. ನಡುವೆ ಅಡ್ಡಗೆರೆ. ಆಮೇಲೆ ಜಾಗ ಬಿಟ್ಟು ಅಡ್ಡಗೆರೆ ಟಿ, ವೇವ್ (ಡಬ್ಲ್ಯೂ, ಎ, ವಿ, ಮೂರೇ ಅಕ್ಷರ), ಮತ್ತೆ ಅಡ್ಡಗೆರೆ ಸಿ, 2. ಒಬ್ಬ ಹೆಂಗಸಿನ ದನಿ ಎಡಗಡೆ, ಬಲಗಡೆ ಅಂತ ಇಂಗ್ಲಿಷಿನಲ್ಲಿ ಹೇಳುತ್ತಾ ಇರುತ್ತದೆ. ನಿಲ್ಲಿಸಲು ಕಂಟ್ರೋಲ್ ಸಿ. ಇದು ಗೊತ್ತಿಲ್ಲದೆ ಒಬ್ಬ ಹುಡುಗ ಲ್ಯಾಬಿನಲ್ಲಿ ಅರ್ಧ ಗಂಟೆ ಆಕೆಯನ್ನು ಮಾತಾಡಿಸಿದ್ದ.

ಇನ್ನೊಂದು ಥರದ ತೊಂದರೆ ಇದೆ. ಸೆಟ್ಟಿಂಗಿನಲ್ಲಿ ಕಾರ್ಡಿನ ಹೆಸರೇ ಇರುವುದಿಲ್ಲ. ಅದರ ಜಾಗದಲ್ಲಿ "ಡಮ್ಮಿ ಔಟ್‌ಪುಟ್" ಅಂತ ಇರುತ್ತದೆ. ಹಾಡು ಓಡುತ್ತಿರುತ್ತದೆ, ನಿಮಿಷ ಸೆಕೆಂಡು ಸರಿಯುತ್ತಿರುತ್ತವೆ, ಗೇಜೂ ಕುಣಿಯುತ್ತದೆ. ನಡುವಿನವನಿಗೆ ಯಾವ ಕಾರ್ಡೂ ಸಿಗದೆ, ಪ್ರೋಗ್ರಾಮುಗಳು ಅಳಬಾರದು ಅಂತ ಒಂದು ಸುಳ್ಳು ಸ್ಪೀಕರ್ ಕಟ್ಟಿ ನಿಲ್ಲಿಸಿರುತ್ತಾನೆ. ಇಲ್ಲಿ ವಾಲ್ಯೂಮ್ ತಿರುಗಿಸುವುದು ಸುಮ್ನೆ. "ಎಪ್ಲೇ", ಜಾಗ, ಅಡ್ಡಗೆರೆ, ಎಲ್ ಕೊಡಿ. ಕಾರ್ಡುಗಳ ಪಟ್ಟಿ ಬಂದರೆ ಆಲ್ಸಾಗೆ ಕಾರ್ಡ್ ಕಂಡಿದೆ, ನಡುವಿನವನನ್ನು ಎಬ್ಬಿಸಬೇಕು. ಯಾವ ಸೌಂಡ್ ಕಾರ್ಡೂ ಸಿಗಲಿಲ್ಲ ಅಂದರೆ ತೊಂದರೆ ಡ್ರೈವರಿನಲ್ಲೋ ಫರ್ಮ್‌ವೇರಿನಲ್ಲೋ.

ಇದು ಹೊಸ ಲ್ಯಾಪ್‌ಟಾಪ್ ತಂದವರ ಗೋಳು. ಕೆಲವು ವರ್ಷಗಳಿಂದ ಬರುತ್ತಿರುವ ಬಹಳಷ್ಟು ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಸೌಂಡನ್ನು ನೋಡಿಕೊಳ್ಳಲು ಒಂದು ಪುಟ್ಟ ಪ್ರೊಸೆಸರ್ ಬೇರೆಯೇ ಇರುತ್ತದೆ. ಕಂಪ್ಯೂಟರ್ ಶುರುವಾದಾಗ ಅದರ ತಲೆಗೆ ಸೌಂಡ್ ಓಪನ್ ಫರ್ಮ್‌ವೇರ್ ಅನ್ನುವ ಕಡತವನ್ನು ತುಂಬಬೇಕು. ಕಡತ ಇಲ್ಲದಿದ್ದರೆ ಅದು ಏಳುವುದಿಲ್ಲ. ಡೆಬಿಯನ್ ಅನ್ನುವ ಲಿನಕ್ಸಿನಲ್ಲಿ ಅದರ ಪ್ಯಾಕೇಜಿನ ಹೆಸರು ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್. ಹೆಸರಿನ ಕೊನೆಯ ಪದ ಗಮನಿಸಿ. ಈ ಫರ್ಮ್‌ವೇರಿನ ಸೋರ್ಸ್ ಎಲ್ಲರಿಗೂ ತೆರೆದಿದೆ, ಆದರೆ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಲ್ಯಾಪ್‌ಟಾಪುಗಳು ಇಂಟೆಲ್ ರುಜು ಹಾಕಿದ ಕಡತವನ್ನು ಮಾತ್ರ ಒಪ್ಪುತ್ತವೆ. ಓದಬಹುದು, ತಿದ್ದಬಹುದು, ನಿಮ್ಮದೇ ಯಂತ್ರದಲ್ಲಿ ಓಡಿಸಲಾರಿರಿ. ನನಗೆ ಇದು ಪೂರ್ತಿ ಓಪನ್ ಅನ್ನಿಸುವುದಿಲ್ಲ. ಇರಲಿ. 2023ರ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರುಗಳು ಇನ್‌ಸ್ಟಾಲ್ ಮಾಡುವ ಐಎಸ್ಒ ಕಡತದಲ್ಲೇ ಬರುತ್ತವೆ. ಅದಕ್ಕೂ ಹಳೆಯ ಪೆನ್‌ಡ್ರೈವ್ ಇಟ್ಟುಕೊಂಡವರು ಅದನ್ನು ಬದಲಿಸಿಕೊಳ್ಳಿ. ಲ್ಯಾಪ್‌ಟಾಪ್ ತೀರಾ ಹೊಸದಾಗಿದ್ದರೆ ಕರ್ನೆಲ್ಲೂ ಹೊಸದು ಬೇಕು.

ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರಿಗೆ ಒಂದು ಮಾತು. ವಿಂಡೋಸಿನಿಂದ ರೀಸ್ಟಾರ್ಟ್ ಮಾಡಿ ನೇರ ಲಿನಕ್ಸಿಗೆ ಬಂದಾಗ ಮಾತ್ರ ಸೌಂಡ್ ಹೋಗುತ್ತಿದ್ದರೆ, ಚಿಪ್ಪನ್ನು ವಿಂಡೋಸ್ ತನ್ನ ಸ್ಥಿತಿಯಲ್ಲೇ ಬಿಟ್ಟುಹೋಗಿದೆ. ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಒಂದು ನಿಮಿಷ ಬಿಟ್ಟು ಚಾಲೂ ಮಾಡಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡಿ.

ನಡುವಿನವನನ್ನು ಎಬ್ಬಿಸುವುದು ಹೇಗೆ? ಸಿಸ್ಟಮ್‌ಸಿಟಿಎಲ್, ಜಾಗ, ಎರಡು ಅಡ್ಡಗೆರೆ ಯೂಸರ್, ಜಾಗ, ರೀಸ್ಟಾರ್ಟ್, ಆಮೇಲೆ ಮೂರು ಹೆಸರು: ಪೈಪ್‌ವೈರ್, ಪೈಪ್‌ವೈರ್-ಪಲ್ಸ್, ವೈರ್‌ಪ್ಲಂಬರ್. ಈ ವೈರ್‌ಪ್ಲಂಬರ್ ಅನ್ನುವವನೇ ಯಾವ ನೀರು ಯಾವ ಕಾಲುವೆಗೆ ಅಂತ ನಿರ್ಧರಿಸುವ ನೀರಗಂಟಿ. ಈ ಕಮಾಂಡಿನ ಮುಂದೆ ಸೂಡು ಹಾಕಬೇಡಿ. ಸೌಂಡಿನ ಸೇವೆ ಒಬ್ಬೊಬ್ಬ ಬಳಕೆದಾರನಿಗೂ ಬೇರೆ ಬೇರೆ ಓಡುತ್ತದೆ. ಸೂಡು ಹಾಕಿದರೆ ನೀವು ಕೂಗುತ್ತಿರುವುದು ಪಕ್ಕದ ಮನೆಯವರನ್ನು. ನೀರಗಂಟಿ ನಿಮ್ಮ ಹಳೆಯ ಆಯ್ಕೆಗಳನ್ನು ನೆನಪಿಟ್ಟುಕೊಂಡಿರುತ್ತಾನೆ. ಆ ನೆನಪೇ ತಪ್ಪಾಗಿದ್ದರೆ ನಿಮ್ಮ ಹೋಮ್ ಫೋಲ್ಡರಿನ ಚುಕ್ಕಿ ಲೋಕಲ್ ಒಳಗಿನ ಸ್ಟೇಟ್ ಒಳಗೆ ವೈರ್‌ಪ್ಲಂಬರ್ ಫೋಲ್ಡರ್ ಇದೆ, ಅದರ ಹೆಸರು ಬದಲಿಸಿ, ಲಾಗೌಟ್ ಆಗಿ ಬನ್ನಿ. ಅಳಿಸಬೇಡಿ, ಹೆಸರು ಬದಲಿಸಿ. ವಾಪಸ್ ಬೇಕಾಗಬಹುದು.

ಇಷ್ಟಾದರೂ ಬರಲಿಲ್ಲವೆಂದರೆ ಬೇರೆ ಯಾವುದಾದರೂ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ಅಲ್ಲಿ ಸೌಂಡ್ ಬಂದರೆ ಬೋರ್ಡ್ ಚೆನ್ನಾಗಿದೆ ಅಂತ ಯಾರ ಮುಂದಾದರೂ ಎದೆ ತಟ್ಟಿ ಹೇಳಬಹುದು. ಬರದಿದ್ದರೆ ಇನ್ನೂರು ಮುನ್ನೂರು ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ. ಅವು ಒಂದೇ ಮಾದರಿಯ ಭಾಷೆ ಆಡುತ್ತವೆ, ಸಾಮಾನ್ಯವಾಗಿ ಡ್ರೈವರ್ ಬೇಡ.

ಈಗ ನನಗೆ ಈ ವಿಷಯವನ್ನು ನಿಜವಾಗಿ ಕಲಿಸಿದವನ ಬಗ್ಗೆ ಹೇಳುತ್ತೇನೆ. ಲಿಂಗಸೂಗೂರು ಕಡೆಯ ಒಬ್ಬ ವಿದ್ಯಾರ್ಥಿ, ಡಿಗ್ರಿ ಓದುತ್ತಿದ್ದ. ಆತನಿಗೆ ಕಣ್ಣು ಕಾಣುವುದಿಲ್ಲ. ಉಬುಂಟು ಬಳಸುತ್ತಾನೆ. ಆರ್ಕಾ ಅನ್ನುವ ಪ್ರೋಗ್ರಾಮ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಈಸ್ಪೀಕ್ ಎನ್‌ಜಿ ಅದಕ್ಕೆ ಕನ್ನಡದ ದನಿ ಕೊಡುತ್ತದೆ. ದನಿ ತಗಡು ಬಡಿದ ಹಾಗಿದೆ ಅಂತ ನಮಗನ್ನಿಸುತ್ತದೆ. ಆತ ಅದನ್ನು ನನಗೆ ಒಂದು ಪದವೂ ತಿಳಿಯದ ವೇಗದಲ್ಲಿ ಕೇಳುತ್ತಾನೆ. ನಮಗೆ ಸೌಂಡ್ ಹೋದರೆ ಹಾಡು ಹೋಯಿತು. ಆತನಿಗೆ ಸೌಂಡ್ ಹೋದರೆ ಪರದೆಯೇ ಹೋಯಿತು. ಸೆಟ್ಟಿಂಗ್ ತೆರೆದು ಸರಿಮಾಡೋಣ ಅಂದರೆ ಸೆಟ್ಟಿಂಗನ್ನು ಓದಿ ಹೇಳುವವರು ಯಾರು?

ಆತ ತಂದ ದೂರು ವಿಚಿತ್ರವಾಗಿತ್ತು. "ಸರ, ಸೌಂಡ್ ಬರ್ತದ. ಮೊದಲ್ನೇ ಅಕ್ಷರ ಬರಂಗಿಲ್ಲ." ನಾನು ಅಷ್ಟೇ ತಾನೇ ಅಂದೆ. ಆತ ನಕ್ಕ. "ಉಳಿಸು ಅಂತಂದ್ರೂ ಳಿಸು, ಅಳಿಸು ಅಂತಂದ್ರೂ ಳಿಸು. ಯಾವ್ದು ಒತ್ತಲ್ರಿ?"

ಕೂತು ನೋಡಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಮಾತಾಡಿಸಿದರೆ ಮಾತ್ರ ಮೊದಲ ಅಕ್ಷರ ನುಂಗುತ್ತಿತ್ತು. ಹಿಂದೆಯೇ ಇನ್ನೊಂದು ಮಾತು ಬಂದರೆ ಅದು ಪೂರ್ತಿ ಕೇಳಿಸುತ್ತಿತ್ತು. ಅಂದರೆ ಯಾರೋ ನಿದ್ದೆ ಮಾಡುತ್ತಿದ್ದಾರೆ. ಇಬ್ಬರು ಸಿಕ್ಕರು. ಒಬ್ಬ ನಮ್ಮ ನೀರಗಂಟಿ. 5 ಸೆಕೆಂಡ್ ಯಾವ ಸೌಂಡೂ ಇಲ್ಲದಿದ್ದರೆ ವೈರ್‌ಪ್ಲಂಬರ್ ಸಾಧನವನ್ನು ಮಲಗಿಸುತ್ತದೆ. ಇನ್ನೊಬ್ಬ ಅದರ ಕೆಳಗಿನ ಡ್ರೈವರ್, ಬ್ಯಾಟರಿ ಉಳಿಸಲು ಚಿಪ್ಪನ್ನೇ ಮಲಗಿಸುತ್ತದೆ. ಚಿಪ್ಪು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತದೆ. ಹಾಡಿನಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಕನ್ನಡದ ಮೆನುವಿನಲ್ಲಿ ಉಳಿಸುವುದಕ್ಕೂ ಅಳಿಸುವುದಕ್ಕೂ ನಡುವೆ ಇರುವುದು ಆ ಒಂದು ಅಕ್ಷರವೇ. ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್ ಡ್ರೈವರಿನ ಪವರ್ ಸೇವ್ ಮೌಲ್ಯವನ್ನು 0 ಮಾಡಿದೆವು, ವೈರ್‌ಪ್ಲಂಬರಿನ ಸೆಷನ್ ಸಸ್ಪೆಂಡ್ ಟೈಮ್‌ಔಟ್ ಸೆಕೆಂಡ್ಸ್ ಅನ್ನೂ 0 ಮಾಡಿದೆವು. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗುತ್ತದೆ. ಆಗಲಿ.

ಸೌಂಡ್ ಪೂರ್ತಿ ಹೋದ ದಿನಕ್ಕೆ ಅಂತ ಒಂದು ಪುಟ್ಟ ಸ್ಕ್ರಿಪ್ಟ್ ಬರೆದು ಮೂರು ಕೀಲಿಗೆ ಕಟ್ಟಿದೆವು. ಒತ್ತಿದರೆ ಆ ಮೂರು ಸೇವೆಗಳನ್ನು ಮತ್ತೆ ಎಬ್ಬಿಸುತ್ತದೆ, ಮ್ಯೂಟ್ ತೆಗೆಯುತ್ತದೆ, ವಾಲ್ಯೂಮನ್ನು ಅರ್ಧಕ್ಕೆ ತರುತ್ತದೆ, ಹಳೆಯ ಆರ್ಕಾವನ್ನು ಬಿಟ್ಟು ಹೊಸದಾಗಿ ಆರ್ಕಾ ಶುರು ಮಾಡುತ್ತದೆ. ಕೊನೆಗೆ ಈಸ್ಪೀಕ್ ದನಿಯಲ್ಲಿ "ಬಂತು" ಅನ್ನುತ್ತದೆ. "ಬಂತು" ಕೇಳಿಸದಿದ್ದರೆ ಆತ ಕಿಸೆಯಿಂದ ಯುಎಸ್‌ಬಿ ಕಾರ್ಡ್ ತೆಗೆದು ಸಿಕ್ಕಿಸಿ ಮತ್ತೆ ಒತ್ತುತ್ತಾನೆ.

ಮಾತು ಮುಗಿದ ಮೇಲೆ ಒಂದೆರಡು ಪ್ರಶ್ನೆ ಬಂದವು. ಬ್ಲೂಟೂತ್ ಇಯರ್‌ಫೋನಿನಲ್ಲಿ ಕರೆ ಶುರುವಾದ ಕೂಡಲೇ ಹಾಡು ಡಬ್ಬಿಯೊಳಗಿನಿಂದ ಬಂದ ಹಾಗೆ ಯಾಕಾಗುತ್ತೆ ಅಂತ ಒಬ್ಬಳು ಕೇಳಿದಳು. ಬ್ಲೂಟೂತಿನಲ್ಲಿ ಹಾಡಿಗೊಂದು ದಾರಿ, ಮೈಕ್ ಬೇಕಾದ ಮಾತಿಗೊಂದು ದಾರಿ. ಎರಡನೆಯದು ಕಿರಿದು. ಮೈಕಿಗೆ ಲ್ಯಾಪ್‌ಟಾಪಿನದನ್ನೇ ಆರಿಸಿಕೊಂಡರೆ ಇಯರ್‌ಫೋನ್ ಅಗಲದ ದಾರಿಯಲ್ಲೇ ಉಳಿಯುತ್ತದೆ.

ಇನ್ನೊಬ್ಬ ಕೇಳಿದ: "ಆ ಅಣ್ಣಗ ಕಣ್ಣು ಕಾಣಂಗಿಲ್ಲ, ಸೌಂಡೂ ಇಲ್ಲ ಅಂದ್ರ, ಕಂಪ್ಯೂಟರ್ ಚಾಲೂ ಐತಿ ಅಂತ ಹ್ಯಾಂಗ್ ಗೊತ್ತಾಗ್ತದ ಸರ?" ನಾನೂ ಆತನನ್ನು ಇದನ್ನೇ ಕೇಳಿದ್ದೆ. ಇಯರ್‌ಫೋನ್ ಕಿವಿಯಲ್ಲಿಟ್ಟುಕೊಂಡು ಪಿನ್ನು ಹಾಕಿದಾಗ ಸಣ್ಣಗೆ "ಟಕ್" ಅನ್ನುತ್ತೆ, ಆಮೇಲೆ ಗಾಳಿ ಬೀಸಿದ ಹಾಗೆ ಒಂದು ಸುಯ್ ಅನ್ನುವ ಸದ್ದು ಇರುತ್ತೆ ಅಂದ. ಸುಯ್ ಇದ್ದರೆ ಚಿಪ್ಪು ಎಚ್ಚರ ಇದೆ, ತೊಂದರೆ ಮೇಲೆಲ್ಲೋ ಇದೆ. ಟಕ್ಕೂ ಇಲ್ಲ, ಸುಯ್ಯೂ ಇಲ್ಲ ಅಂದರೆ ಕೆಳಗಿದೆ. ಪಾವುಕಂಟ್ರೋಲ್, ಆಲ್ಸಾಮಿಕ್ಸರ್ ಎಲ್ಲ ತೆರೆದು ನಾನು ಹತ್ತು ನಿಮಿಷದಲ್ಲಿ ತಿಳಿಯುವುದನ್ನು ಆತ ಪಿನ್ನು ಹಾಕುವಷ್ಟರಲ್ಲಿ ಹೇಳುತ್ತಾನೆ. ಆ ಸುಯ್ ನನಗೆ ಎಷ್ಟು ಕಿವಿಗೊಟ್ಟರೂ ಕೇಳಿಸಿಲ್ಲ. ನಮ್ಮ ಅಂಗಡಿಯ ಫ್ಯಾನ್ ಆಫ್ ಮಾಡಿಸಿ, ಮತ್ತೊಮ್ಮೆ ಕೇಳಿ ಅಂತ ಆತನೇ ಹೇಳಿದ. ಆಗಲೂ ಕೇಳಿಸಲಿಲ್ಲ.